ಲೆ ಮಾನ್ಸ್ ರೇಸ್‌ನಲ್ಲಿ 24 ಗಂಟೆಯೂ ಒಬ್ಬರೇ ಕಾರು ಓಡಿಸುತ್ತಾರಾ?

ಇಲ್ಲ, ಈಗಿನ ನಿಯಮದಲ್ಲಿ ಅದಕ್ಕೆ ಅವಕಾಶವೇ ಇಲ್ಲ. ಫ್ರಾನ್ಸಿನ ಸಾರ್ತ್ ಸರ್ಕ್ಯೂಟ್‌ನಲ್ಲಿ ಶನಿವಾರ ಸಂಜೆ 4ಕ್ಕೆ ಶುರುವಾಗಿ ಭಾನುವಾರ ಸಂಜೆ 4ಕ್ಕೆ ಮುಗಿಯುವ ಈ ರೇಸ್‌ಗೆ ಒಂದು ಕಾರಿಗೆ ಮೂವರು ಚಾಲಕರು. ಯಾವುದೇ 6 ಗಂಟೆಗಳಲ್ಲಿ ಒಬ್ಬರು 4 ಗಂಟೆಗಿಂತ ಹೆಚ್ಚು ಓಡಿಸುವಂತಿಲ್ಲ. ಇಡೀ ರೇಸ್‌ನಲ್ಲಿ 14 ಗಂಟೆ ಮೀರುವಂತಿಲ್ಲ.

ತಂಡಗಳಿಗೆ ತಲೆನೋವು ತರುವುದು ಆ 'ಯಾವುದೇ 6 ಗಂಟೆ' ಅನ್ನುವ ಮಾತು. ಒಂದು ಲ್ಯಾಪ್, ಅಂದರೆ ಸರ್ಕ್ಯೂಟ್‌ನ ಒಂದು ಸುತ್ತು, 13.626 ಕಿ.ಮೀ. ಅತಿ ವೇಗದ ಕಾರುಗಳ ಹೈಪರ್‌ಕಾರ್ ವರ್ಗದಲ್ಲಿ ಲ್ಯಾಪ್‌ಗೆ ಸುಮಾರು ಮೂರೂವರೆ ನಿಮಿಷ, ಒಂದು ಟ್ಯಾಂಕ್‌ಗೆ ಸುಮಾರು 12 ಲ್ಯಾಪ್ ಎಂದಿಟ್ಟುಕೊಳ್ಳಿ. ಅಂದರೆ ಒಂದು ಸ್ಟಿಂಟ್‌ಗೆ (ಒಮ್ಮೆ ಇಂಧನ ತುಂಬಿಸಿ ಮತ್ತೆ ತುಂಬಿಸುವವರೆಗಿನ ಓಟಕ್ಕೆ) 42 ನಿಮಿಷ. ಚಾಲಕನೊಬ್ಬ ರಾತ್ರಿ 10ಕ್ಕೆ ಹತ್ತಿ ಸತತ ನಾಲ್ಕು ಸ್ಟಿಂಟ್ ಓಡಿಸಿದರೆ 2 ಗಂಟೆ 48 ನಿಮಿಷ ಖರ್ಚಾಯಿತು. ಜೊತೆಗಾರನಿಗೆ ಹುಷಾರು ತಪ್ಪಿ ಇವನೇ ರಾತ್ರಿ 2ಕ್ಕೆ ಮತ್ತೆ ಹತ್ತಬೇಕಾಗಿ ಬಂತು ಅನ್ನಿ. 10ರಿಂದ ಎಣಿಸಿದ 6 ಗಂಟೆ ಮುಗಿಯುವುದು ಬೆಳಗಿನ ಜಾವ 4ಕ್ಕೆ, ಅಲ್ಲಿಯ ತನಕ ಇವನಿಗೆ ಉಳಿದಿರುವುದು 1 ಗಂಟೆ 12 ನಿಮಿಷ ಮಾತ್ರ. ಒಂದು ಸ್ಟಿಂಟ್ ಸರಿ, ಎರಡನೆಯದು ಮುಗಿಯುವಷ್ಟರಲ್ಲಿ 12 ನಿಮಿಷ ಮೀರಿಹೋಗುತ್ತದೆ. ಹಾಗಾಗಿ ಟ್ಯಾಂಕ್‌ನಲ್ಲಿ ಇಂಧನ ಇದ್ದರೂ ಇಳಿಸಲೇಬೇಕು. ಅಪಘಾತವಾದಾಗ ವೇಗ ತಗ್ಗಿಸಲು ಮುಂದೆ ಬಿಡುವ ಸೇಫ್ಟಿ ಕಾರ್ ಬಂದು ಎಲ್ಲರೂ ನಿಧಾನವಾದಾಗ ಇಂಧನ ಉಳಿದು ಸ್ಟಿಂಟ್ ಉದ್ದವಾಗುತ್ತದೆ, ಬರೆದಿಟ್ಟ ಲೆಕ್ಕ ಪೂರ್ತಿ ಅಡಿಮೇಲಾಗುತ್ತದೆ. ಅದಕ್ಕೇ ಪಿಟ್‌ನಲ್ಲಿ (ಟ್ರ್ಯಾಕ್ ಪಕ್ಕದ ತಂಡದ ಜಾಗದಲ್ಲಿ) ಪ್ರತಿ ಚಾಲಕನ ಸಮಯವನ್ನು ಬೇರೆಬೇರೆಯಾಗಿ ಎಣಿಸುತ್ತಲೇ ಇರಬೇಕು.

ಚಾಲಕರ ಬದಲಾವಣೆ ಇಂಧನ ತುಂಬುವ ಹೊತ್ತಿನಲ್ಲೇ ಮುಗಿದರೆ ನಷ್ಟವಿಲ್ಲ. ಇಳಿಯುವವನು ಸ್ಟೀರಿಂಗ್ ಕಳಚಿ, ಬೆಲ್ಟ್ ಬಿಚ್ಚಿ, ರೇಡಿಯೊ ವೈರ್ ಮತ್ತು ನೀರಿನ ಕೊಳವೆ ತೆಗೆದು, ಸೀಟಿನ ಮೇಲೆ ಕೂರಿಸುವ ತನ್ನ ಮೈಯಳತೆಯ ಇನ್ಸರ್ಟ್ ಸಮೇತ ಹೊರಬರುತ್ತಾನೆ. ಹತ್ತುವವನು ತನ್ನ ಇನ್ಸರ್ಟ್ ಹಾಕಿ ಕೂರುತ್ತಾನೆ. ಇಳಿದವನೇ ಒಳಗೆ ಬಾಗಿ ಅವನ ಬೆಲ್ಟ್ ಬಿಗಿಯುತ್ತಾನೆ. ಇಲ್ಲಿ ಸಾಮಾನ್ಯವಾಗಿ ಕೈಕೊಡುವುದು ಎರಡು: ಬೆಲ್ಟ್‌ನ ತುದಿ ಇನ್ಸರ್ಟ್ ಅಡಿಗೆ ಸಿಕ್ಕಿಕೊಳ್ಳುವುದು, ರೇಡಿಯೊ ಪ್ಲಗ್ ಪೂರ್ತಿ ಕೂರದೇ ಇರುವುದು. ಮೊದಲನೆಯದರಲ್ಲಿ ಸೆಕೆಂಡುಗಳು ಹೋಗುತ್ತವೆ. ಎರಡನೆಯದರಲ್ಲಿ ಚಾಲಕನಿಗೆ ಪಿಟ್‌ನ ಮಾತೇ ಕೇಳಿಸುವುದಿಲ್ಲ, ಅದು ಇನ್ನೂ ಅಪಾಯ.

ಹಿಂದೆ ಇಂಥ ಮಿತಿ ಇರಲಿಲ್ಲ. 1952ರಲ್ಲಿ ಫ್ರೆಂಚ್ ಚಾಲಕ ಪಿಯೆರ್ ಲೆವೆಗ್ ತಮ್ಮ ಜೊತೆಚಾಲಕನಿಗೆ ಬಿಟ್ಟುಕೊಡದೆ ಟಾಲ್ಬೊ ಕಾರಿನಲ್ಲಿ ಒಬ್ಬರೇ ಓಡಿಸುತ್ತ ಮುಂದಿದ್ದರು. ಇನ್ನು ಒಂದು ಗಂಟೆ ಚಿಲ್ಲರೆ ಇರುವಾಗ ಎಂಜಿನ್ ಒಡೆಯಿತು, ಗೆಲುವು ಮರ್ಸಿಡಿಸ್ ಪಾಲಾಯಿತು. ದಣಿವಿನಲ್ಲಿ ಗೇರ್ ತಪ್ಪಿತು ಅನ್ನುವವರೂ ಇದ್ದಾರೆ, ಎಂಜಿನ್‌ನಲ್ಲೇ ದೋಷವಿತ್ತು ಅನ್ನುವವರೂ ಇದ್ದಾರೆ. ಕಾರಣ ಏನೇ ಇರಲಿ, ಅಷ್ಟು ಹೊತ್ತು ನಿದ್ದೆಯಿಲ್ಲದವರು ಗಂಟೆಗೆ 300 ಕಿ.ಮೀ. ದಾಟುವ ಇಂದಿನ ಕಾರುಗಳನ್ನು ಓಡಿಸಬಾರದು ಎಂಬುದರಲ್ಲಿ ಎರಡು ಮಾತಿಲ್ಲ.

ಗರಿಷ್ಠದಂತೆ ಕನಿಷ್ಠವೂ ಉಂಟು. ರಸ್ತೆಯ ಸ್ಪೋರ್ಟ್ಸ್ ಕಾರುಗಳನ್ನು ಆಧರಿಸಿದ ಎಲ್‌ಎಂಜಿಟಿ3 ವರ್ಗದಲ್ಲಿ ಪ್ರತಿ ಕಾರಿಗೂ ಬ್ರಾಂಜ್ ದರ್ಜೆಯ (ಚಾಲಕರ ಶ್ರೇಣಿಯಲ್ಲಿ ಕೊನೆಯದು) ಹವ್ಯಾಸಿ ಚಾಲಕರೊಬ್ಬರು ಇರಲೇಬೇಕು, ಅವರು ಕನಿಷ್ಠ 6 ಗಂಟೆ ಓಡಿಸಬೇಕು. ಹಗಲಿನಲ್ಲೇ ಈ ಲೆಕ್ಕ ಆದಷ್ಟು ಮುಗಿಸಿಕೊಂಡರೆ ಕತ್ತಲಲ್ಲಿ ವೃತ್ತಿಪರರನ್ನು ಕಾರು ಹತ್ತಿಸಬಹುದು. ಜೂನ್‌ನಲ್ಲಿ ಅಲ್ಲಿ ಸೂರ್ಯ ಮುಳುಗುವುದೇ ರಾತ್ರಿ 10ರ ಸುಮಾರಿಗೆ. ಆದ್ದರಿಂದ ಮೊದಲ ಸಂಜೆಯೇ ಅದಕ್ಕೆ ಸಾಕಷ್ಟು ಬೆಳಕು ಸಿಗುತ್ತದೆ.