ಲಾರ್ಸ್ ಎನ್ನುವ ಮೊದಲು ಕೈಗವಸು ಹಾಕಿ: ಗುದನಾಳದ ಶಸ್ತ್ರಚಿಕಿತ್ಸೆಯ ತಡವಾದ ತೊಡಕುಗಳು

ಒಪಿಡಿಗೆ ಬಂದ ಹಿರಿಯರೊಬ್ಬರಿಗೆ ಕ್ಯಾನ್ಸರ್‌ಗೆಂದು ಗುದನಾಳದ ಕೆಳಭಾಗ ತೆಗೆದು ಕರುಳು ಜೋಡಿಸಿ ಎಂಟು ತಿಂಗಳಾಗಿತ್ತು. "ದಿನಕ್ಕೆ ಹತ್ತು ಸಲ ಹೋಗುತ್ತೇನೆ ಡಾಕ್ಟರೇ, ಬರುವುದು ಮಾತ್ರ ಚಿಟಿಕೆಯಷ್ಟು" ಎಂದರು. ಲಾರ್ಸ್ (ಗುದನಾಳದ ಕೆಳಭಾಗ ತೆಗೆದ ಮೇಲೆ ಮಲವಿಸರ್ಜನೆ ಹದಗೆಡುವ ತೊಂದರೆಗಳ ಗುಂಪು) ಎಂದು ತೀರ್ಮಾನಿಸಿ, ಭೇದಿ ತಡೆಯುವ ಲೋಪೆರಮೈಡ್ ಬರೆಯಲು ಪೆನ್ನು ತೆಗೆದೆ. ಮೇಡಂ ಬೆರಳಿನಿಂದ ಪರೀಕ್ಷಿಸಿದರು. ಜೋಡಣೆಯ ಜಾಗದಲ್ಲಿ ಕಿರುಬೆರಳೂ ದಾಟಲಿಲ್ಲ. ಅದು ಸ್ಟ್ರಿಕ್ಚರ್, ಅಂದರೆ ಜೋಡಣೆ ಕಿರಿದಾಗಿತ್ತು. ಮೇಲೆ ಮಲ ಕಟ್ಟಿಕೊಂಡು ಸಂದಿಯಿಂದ ಜಿನುಗುತ್ತಿತ್ತು. ನನ್ನ ಮಾತ್ರೆ ಉಳಿದಿದ್ದ ದಾರಿಯನ್ನೂ ಮುಚ್ಚುತ್ತಿತ್ತು.

ಹಿಗ್ಗಿಸಲು, ಸ್ಟ್ರಿಕ್ಚರ್ ಕೆಳಗಿದ್ದರೆ ಬೆರಳು ಅಥವಾ ಡೈಲೇಟರ್, ಮೇಲಿದ್ದರೆ ಎಂಡೋಸ್ಕೋಪಿಯ ಬಲೂನು. ಒಂದೇ ಸಲಕ್ಕೆ ಮುಗಿಯುವುದು ಅಪರೂಪ. ಕ್ಯಾನ್ಸರ್ ಮರುಕಳಿಸಿಲ್ಲ ಎಂಬುದು ಖಚಿತವಾಗಬೇಕು, ಅನುಮಾನವಿದ್ದರೆ ಬಯಾಪ್ಸಿ.

ದಾರಿ ಸಲೀಸಾಗಿದ್ದರೆ, ತೊಂದರೆ ಎಷ್ಟು ಎಂದು ಅಳೆಯುವ ಲಾರ್ಸ್ ಅಂಕಕ್ಕೆ ಬನ್ನಿ. 2012ರಲ್ಲಿ ಡೆನ್ಮಾರ್ಕ್‌ನಲ್ಲಿ ರೂಪುಗೊಂಡ ಐದು ಪ್ರಶ್ನೆಗಳಿವು. ಒಟ್ಟು 42, 21ರಿಂದ 29 ಸೌಮ್ಯ, 30 ಅಥವಾ ಹೆಚ್ಚಾದರೆ ತೀವ್ರ. ನಾನು ಎರಡು ದಿನ ಒದ್ದಾಡಿದ್ದು ಇಲ್ಲಿ: ದಿನಕ್ಕೆ ಏಳಕ್ಕಿಂತ ಹೆಚ್ಚು ಸಲ ಹೋದರೆ 4 ಅಂಕ, ದಿನಕ್ಕೊಮ್ಮೆಯೂ ಹೋಗದಿದ್ದರೆ 5! ಅಚ್ಚಿನ ತಪ್ಪು ಎಂದುಕೊಂಡೆ. ತಪ್ಪಲ್ಲ. ಅಂಕ ಅಳೆಯುವುದು ಎಣಿಕೆಯನ್ನಲ್ಲ, ಬದುಕಿಗೆ ಆಗುವ ತೊಂದರೆಯನ್ನು. ಮಲ ಹೊರಬಾರದೆ ನರಳುವುದೂ ಲಾರ್ಸೇ. ಆದ್ದರಿಂದಲೇ ಭಾರವೆಲ್ಲ ಬೇರೆಡೆ ಇದೆ: ವಾರಕ್ಕೊಮ್ಮೆಯಾದರೂ ತಡೆಯಲಾಗದೆ ಓಡಬೇಕಾದರೆ 16, ಹೋಗಿ ಬಂದ ಒಂದು ಗಂಟೆಯೊಳಗೆ ಮತ್ತೆ ಹೋಗಬೇಕಾದರೆ 11. ಇವೆರಡೇ ಸೇರಿ 27. ಇದರ ಮೇಲೆ ಅಪರೂಪಕ್ಕೊಮ್ಮೆ ಗಾಳಿ ತಡೆಯಲಾಗದಿದ್ದರೂ 4. 31 ಆಯಿತು, ತೀವ್ರ. ಬಟ್ಟೆ ಒಂದು ದಿನವೂ ಕೆಟ್ಟಿರುವುದಿಲ್ಲ. "ಸೋರುತ್ತದೆಯೇ?" ಎಂದಷ್ಟೇ ಕೇಳಿದರೆ ಇಂಥವರು ನಮ್ಮ ಕೈತಪ್ಪುತ್ತಾರೆ. "ಬಸ್ಸಿನಲ್ಲಿ ಊರಿಗೆ ಹೋಗುತ್ತೀರಾ?" ಎಂದು ಕೇಳುವುದು ನನ್ನ ಅಡ್ಡದಾರಿ.

ಚಿಕಿತ್ಸೆ ಮೆಟ್ಟಿಲು ಮೆಟ್ಟಿಲಾಗಿ: ಆಹಾರದ ಬದಲಾವಣೆ, ಇಸಬಗೋಲು, ಲೋಪೆರಮೈಡ್ (ಈಗ ಬರೆಯಬಹುದು), ಶ್ರೋಣಿ ಸ್ನಾಯುಗಳ ವ್ಯಾಯಾಮ, ಗುದದ್ವಾರದ ಮೂಲಕ ನೀರು ಹಾಯಿಸಿ ಕರುಳು ತೊಳೆದುಕೊಳ್ಳುವುದು, ಆಯ್ದ ಕೆಲವರಿಗೆ ಸೇಕ್ರಲ್ ನರದ (ಬೆನ್ನಿನ ಬುಡದ ನರ) ಪ್ರಚೋದನೆ. ಯಾವುದಕ್ಕೂ ಬಗ್ಗದಿದ್ದರೆ ಶಾಶ್ವತ ಸ್ಟೋಮಾ (ಮಲ ಹೊರಬರಲು ಹೊಟ್ಟೆಯ ಮೇಲೆ ಮಾಡುವ ದ್ವಾರ).

ಮೂತ್ರ ಕಟ್ಟುವುದು, ಲೈಂಗಿಕ ತೊಂದರೆ ಶ್ರೋಣಿಯ ನರಗಳಿಗೆ ಪೆಟ್ಟಾದುದರ ಫಲ. ರೋಗಿ ತಾನಾಗಿ ಹೇಳುವುದಿಲ್ಲ, ನಾವೇ ಕೇಳಬೇಕು.

ತಿಂಗಳುಗಳ ಬಳಿಕವೂ ಸೊಂಟದ ಕೆಳಗೆ ನೋವು, ಗುದದ್ವಾರದಿಂದ ಕೀವು ಬಂದರೆ, ಜೋಡಣೆಯಲ್ಲಾಗಿದ್ದ ಹಳೆಯ ಸೋರಿಕೆ ತ್ರಿಕಾಸ್ಥಿಯ (ಬೆನ್ನುಮೂಳೆಯ ಬುಡದ ಮೂಳೆ) ಮುಂದೆ ಪೊಟರೆ ಮಾಡಿಕೊಂಡಿರಬಹುದು. ಜ್ವರ ಇರಲೇಬೇಕೆಂದಿಲ್ಲ. ಗುದದ್ವಾರದಿಂದ ಕಾಂಟ್ರಾಸ್ಟ್ (ಸ್ಕ್ಯಾನಿನಲ್ಲಿ ಎದ್ದು ಕಾಣುವ ದ್ರವ) ಹಾಯಿಸಿ ಸಿಟಿ ಮಾಡಿಸಿದರೆ ಆ ಪೊಟರೆ ಬಿಳಿಯಾಗಿ ತುಂಬಿಕೊಂಡು ಕಾಣುತ್ತದೆ. ತಾತ್ಕಾಲಿಕ ಸ್ಟೋಮಾ ಮುಚ್ಚುವ ಮೊದಲು ಜೋಡಣೆಯನ್ನು ಪರೀಕ್ಷಿಸುವುದೂ ಇದಕ್ಕೇ.