ಟ್ರ್ಯಾಕ್ಟರ್ ಆಯ್ಕೆ ಹಿಂದಿನಿಂದ ಶುರುವಾಗಲಿ

“ಅರವತ್ತು ಎಕರೆ ಇದೆ. ಎಷ್ಟು ಎಚ್‌ಪಿ ಟ್ರ್ಯಾಕ್ಟರ್ ತಗೊಳ್ಳಲಿ?”

ನನಗೆ ಬರುವ ಫೋನುಗಳಲ್ಲಿ ಬಹಳಷ್ಟು ಹೀಗೇ ಶುರುವಾಗುತ್ತವೆ. ನಾನು ವಾಪಸ್ ಕೇಳುವುದು ಒಂದೇ ಪ್ರಶ್ನೆ: “ಹಿಂದೆ ಏನು ಕಟ್ತೀರಿ?” ಆ ಕಡೆಯಿಂದ ಮಾತಿಲ್ಲ. ಸ್ವಲ್ಪ ಹೊತ್ತಾದ ಮೇಲೆ, “ಅದೆಲ್ಲ ಆಮೇಲೆ ನೋಡೋಣ, ಮೊದಲು ಗಾಡಿ ಬರಲಿ” ಅನ್ನುತ್ತಾರೆ.

ಎಡವಟ್ಟಾಗುವುದು ಅಲ್ಲೇ. ಟ್ರ್ಯಾಕ್ಟರ್ ತಾನಾಗಿ ಒಂದು ಕೆಲಸವನ್ನೂ ಮಾಡುವುದಿಲ್ಲ. ಉಳುವುದು ನೇಗಿಲು, ಹೆಂಟೆ ಪುಡಿ ಮಾಡುವುದು ರೋಟವೇಟರ್, ಹುಲ್ಲು ಕೊಯ್ಯುವುದು ಮೋವರ್. ಇವನ್ನು ಎಳೆಯುವುದು, ಎತ್ತುವುದು, ತಿರುಗಿಸುವುದು ಮಾತ್ರ ಟ್ರ್ಯಾಕ್ಟರ್ ಪಾಲಿನ ಕೆಲಸ. ವರ್ಷಗಟ್ಟಲೆ ವರ್ಕ್‌ಶಾಪಿನಲ್ಲಿ ಕ್ಲಚ್ ಬಿಚ್ಚಿದ ಕೈ ನನ್ನದು. ನನ್ನ ಮುಂದೆ ಬಂದ ಸುಟ್ಟ ಕ್ಲಚ್ ಪ್ಲೇಟುಗಳಲ್ಲಿ ಎಷ್ಟೋ ಗಾಡಿಯ ದೋಷದಿಂದ ಸುಟ್ಟವಲ್ಲ. ಗಾಡಿಗೂ ಹಿಂದಿನ ಉಪಕರಣಕ್ಕೂ ಜೋಡಿ ಕೂಡದೆ ಸುಟ್ಟವು. ಅದಕ್ಕೇ ನಾನು ಹೇಳುವುದು, ಆಯ್ಕೆ ಹಿಂದಿನಿಂದ ಶುರುವಾಗಲಿ. ವರ್ಷಕ್ಕೆ ಎರಡು ಸಲವಾದರೂ ಬರುವ ಕೆಲಸಗಳಲ್ಲಿ ಅತಿ ಭಾರದ್ದು ಯಾವುದು, ಅದಕ್ಕೆ ಬೇಕಾದ ಉಪಕರಣ ಯಾವುದು ಅಂತ ಮೊದಲು ಬರೆದುಕೊಳ್ಳಿ.

ಮಧ್ಯಮ ಗಾತ್ರ ಅಂದರೆ ಇಲ್ಲಿ ನಾನು 40ರಿಂದ 75 ಎಚ್‌ಪಿ ಅಂತ ಇಟ್ಟುಕೊಂಡಿದ್ದೇನೆ.

ಬಾನೆಟ್ ಮೇಲೆ 50 ಅಂತ ಬರೆದಿದ್ದರೆ ಅದು ಎಂಜಿನ್‌ನ ಲೆಕ್ಕ. ಗೇರು, ಬೇರಿಂಗು, ಪಂಪುಗಳು ತಮ್ಮ ಪಾಲು ತಿಂದು, ಉಪಕರಣ ತಿರುಗಿಸುವ ಹಿಂದಿನ ಪಿಟಿಒ ಶಾಫ್ಟಿಗೆ ಬರುವಷ್ಟರಲ್ಲಿ 43ರ ಆಸುಪಾಸು ಉಳಿಯುತ್ತದೆ. ಅದೇ ಗಾಡಿ ನೇಗಿಲು ಎಳೆಯುವಾಗ ಗಟ್ಟಿ ನೆಲದಲ್ಲಿ ಕೊಕ್ಕೆಗೆ ಸಿಗುವುದು 30ರ ಸುತ್ತಮುತ್ತ. ಸಡಿಲ ಮಣ್ಣಿನಲ್ಲಿ, ಎರಡೇ ಗಾಲಿ ಎಳೆಯುವ ಗಾಡಿಯಾದರೆ, 25 ಸಿಕ್ಕರೆ ಹೆಚ್ಚು. ಉಳಿದದ್ದು ಗಾಲಿ ಜಾರುವುದರಲ್ಲಿ, ಮಣ್ಣು ಒತ್ತುವುದರಲ್ಲಿ ಹೋಗುತ್ತದೆ. ಆರು ಅಡಿ ರೋಟವೇಟರಿಗೆ 45ರಿಂದ 50 ಎಚ್‌ಪಿ ಬೇಕು ಅಂತ ಬರೆದಿರುತ್ತಾರಲ್ಲ, ಅದು ಎಂಜಿನ್ ಎಚ್‌ಪಿಯೋ ಪಿಟಿಒ ಎಚ್‌ಪಿಯೋ ಅಂತ ಕೇಳಿ ಖಚಿತ ಮಾಡಿಕೊಳ್ಳಿ. ಎರಡರ ನಡುವಿನ ಅಂತರವೇ ಒಂದು ಸೈಜು ಗಾಡಿಯಷ್ಟಿದೆ.

ಹೇಳುವ ಶಕ್ತಿಗೂ ಕೊಡುವ ಶಕ್ತಿಗೂ ಇರುವ ಈ ಜಗಳ ಹೊಸದೇನಲ್ಲ. ಅಮೆರಿಕದ ನೆಬ್ರಾಸ್ಕ ರಾಜ್ಯದಲ್ಲಿ ರೈತರು ಇದರಿಂದ ಬೇಸತ್ತು, 1919ರಲ್ಲಿ ಅಲ್ಲಿ ಒಂದು ಕಾನೂನೇ ಬಂತು. ಅಲ್ಲಿ ಮಾರುವ ಟ್ರ್ಯಾಕ್ಟರ್ ಮಾದರಿ ಮೊದಲು ಪರೀಕ್ಷೆಗೆ ನಿಲ್ಲಬೇಕಿತ್ತು. 1920ರಿಂದ ಪರೀಕ್ಷೆ ಶುರುವಾಯಿತು. ಈಗ ಒಇಸಿಡಿ ಅನ್ನುವ ಹಲವು ದೇಶಗಳ ಆರ್ಥಿಕ ಸಹಕಾರ ಸಂಘಟನೆಯ ನಿಯಮದ ಪ್ರಕಾರ ಪರೀಕ್ಷೆಯಾದ ಮಾದರಿಗಳ ವರದಿ ಸಿಗುತ್ತದೆ. ಪಿಟಿಒ ಶಕ್ತಿ, ಎಳೆತ, ಉಪಕರಣ ಎತ್ತುವ ಲಿಫ್ಟ್, ಡೀಸೆಲ್ ಖರ್ಚು, ಎಲ್ಲ ಅದರಲ್ಲಿರುತ್ತದೆ. ಬಣ್ಣದ ಕರಪತ್ರ ಪಕ್ಕಕ್ಕಿಟ್ಟು ಆ ವರದಿ ಕೇಳಿ.

ಇನ್ನು ಎಕರೆ ಲೆಕ್ಕ. ಅರವತ್ತು ಎಕರೆ ಅನ್ನುವ ಸಂಖ್ಯೆಯಿಂದ ಏನೂ ಗೊತ್ತಾಗುವುದಿಲ್ಲ. ಹದ ಎಷ್ಟು ದಿನ ನಿಲ್ಲುತ್ತದೆ ಅನ್ನುವುದರಿಂದ ಗೊತ್ತಾಗುತ್ತದೆ. ಆರು ಅಡಿ ರೋಟವೇಟರ್ ಗಂಟೆಗೆ 4 ಕಿಲೋಮೀಟರ್ ವೇಗದಲ್ಲಿ ಹೋಗಲಿ. ತಿರುವು, ಒಂದರ ಮೇಲೊಂದು ಬೀಳುವ ಸಾಲು, ಚಹಾ ಎಲ್ಲ ಸೇರಿ ಐದನೇ ಒಂದು ಪಾಲು ಸಮಯ ಹಾಳು ಅಂತ ಇಟ್ಟುಕೊಳ್ಳಿ. ಗಂಟೆಗೆ ಒಂದೂವರೆ ಎಕರೆಗೆ ತುಸು ಕಡಿಮೆ ಆಗುತ್ತದೆ. ಅರವತ್ತು ಎಕರೆಗೆ ಸುಮಾರು 41 ಗಂಟೆ. ದಿನಕ್ಕೆ ಎಂಟು ಗಂಟೆ ಓಡಿಸಿದರೆ ಐದು ದಿನ. ನಿಮ್ಮ ಮಣ್ಣು ವಾರಗಟ್ಟಲೆ ಹದ ಹಿಡಿದಿಟ್ಟುಕೊಳ್ಳುವುದಾದರೆ 50 ಎಚ್‌ಪಿಯೇ ಧಾರಾಳ. ಮೂರನೇ ದಿನಕ್ಕೆ ಗಟ್ಟಿಯಾಗುವ ಎರೆ ಮಣ್ಣಾದರೆ ಅಷ್ಟೇ ಎಕರೆಗೆ ಅದು ಸಾಲದು.

ಹಾಗಂತ ಆ ಮೂರು ದಿನದ ಸಲುವಾಗಿ 75 ಎಚ್‌ಪಿ ತಂದು, ಉಳಿದ ಕಾಲವೆಲ್ಲ ಅದರಲ್ಲಿ ಖಾಲಿ ಟ್ರೇಲರ್ ಎಳೆಯುವುದು ನನಗೆ ಸರಿ ಕಾಣುವುದಿಲ್ಲ. ಯಾವಾಗಲೂ ಅರೆಹೊಟ್ಟೆ ಕೆಲಸ ಮಾಡುವ, ಗಂಟೆಗಟ್ಟಲೆ ಐಡಲ್‌ನಲ್ಲಿ ನಿಲ್ಲುವ ಡೀಸೆಲ್ ಎಂಜಿನ್‌ನಲ್ಲಿ ಮಸಿ ಕಟ್ಟುತ್ತದೆ. ಸಿಲಿಂಡರ್ ಗೋಡೆ ನುಣುಪಾಗಿ ಆಯಿಲ್ ಕುಡಿಯಲು ಶುರುಮಾಡುತ್ತದೆ. ಆ ಮೂರು ದಿನಕ್ಕೆ ದೊಡ್ಡ ಗಾಡಿಯನ್ನು ಬಾಡಿಗೆಗೆ ಕರೆಸಿ. ವರ್ಷವಿಡೀ ಬೇಕಾದದ್ದನ್ನು ಕೊಳ್ಳಿ.

ಈಗ ತೂಕ. ಎಚ್‌ಪಿ ಬಗ್ಗೆ ಹತ್ತು ನಿಮಿಷ ಮಾತಾಡುವವರು ತೂಕದ ಬಗ್ಗೆ ಒಂದು ಮಾತೂ ಕೇಳುವುದಿಲ್ಲ. ನಾನು ಮಾತ್ರ ಮೊದಲು ಅದನ್ನೇ ನೋಡುತ್ತೇನೆ. ನೇಗಿಲು ಎಳೆಯುವುದು ಎಂಜಿನ್ ಅಲ್ಲ, ನೆಲ ಕಚ್ಚಿದ ಟೈರು. ಒಂದೇ ಎಚ್‌ಪಿಯ ಎರಡು ಗಾಡಿಗಳಲ್ಲಿ ಒಂದು 1,800 ಕಿಲೋ, ಇನ್ನೊಂದು 2,500 ಕಿಲೋ ಇರಬಹುದು. ಉಳುಮೆ ಜಾಸ್ತಿ ಇದ್ದರೆ ಎರಡನೆಯದು. ಹುಲ್ಲು ಕೊಯ್ಯುವುದು, ಸಿಂಪಡಣೆ, ತೋಟದೊಳಗಿನ ಓಡಾಟವೇ ಜಾಸ್ತಿಯಾದರೆ ಮೊದಲನೆಯದು. ಭಾರ ಬೇಕಾದಾಗ ಗಾಲಿಗೆ ಕಬ್ಬಿಣದ ತೂಕ ಹಾಕಬಹುದು, ಟೈರಿನಲ್ಲಿ ನೀರು ತುಂಬಿಸಬಹುದು. ಗಾಡಿಯ ಸ್ವಂತ ತೂಕವನ್ನು ಮಾತ್ರ ಇಳಿಸಲಾಗುವುದಿಲ್ಲ. ಆಕ್ಸಲ್ ಮೇಲಿನ ಭಾರ ಹೆಚ್ಚಾದಷ್ಟೂ ಮಣ್ಣು ಆಳದಲ್ಲಿ ಒತ್ತಿಕೊಳ್ಳುತ್ತದೆ. ಟೈರಿನ ಗಾಳಿ ಇಳಿಸಿದರೆ ಮೇಲ್ಮಣ್ಣು ಉಳಿದೀತು, ಆಳದ ಒತ್ತಡ ಅಷ್ಟಾಗಿ ಹೋಗುವುದಿಲ್ಲ.

ತೂಕ ಸರಿ ಇದೆಯೋ ಇಲ್ಲವೋ ಅನ್ನುವುದಕ್ಕೆ ಒಂದು ಸೀಮೆಸುಣ್ಣ ಸಾಕು. ದೊಡ್ಡ ಗಾಲಿಗೆ ಒಂದು ಗೆರೆ ಎಳೆಯಿರಿ. ನೇಗಿಲು ನೆಲದಲ್ಲಿರುವಾಗ ಗಾಲಿ ಹತ್ತು ಸುತ್ತು ತಿರುಗಲಿ. ಶುರುವಿನಲ್ಲೊಂದು, ಕೊನೆಯಲ್ಲೊಂದು ಗೂಟ ಹೊಡೆಯಿರಿ. ಈಗ ನೇಗಿಲು ಎತ್ತಿ ಅಷ್ಟೇ ದೂರ ಮತ್ತೆ ಹೋಗಿ, ಸುತ್ತು ಎಣಿಸಿ. ಒಂಬತ್ತು ಸುತ್ತು ಬಂದರೆ ಗಾಲಿ ನೂರಕ್ಕೆ ಹತ್ತರಷ್ಟು ಜಾರುತ್ತಿದೆ ಅಂತ. ಎಂಟೇ ಬಂದರೆ ಇಪ್ಪತ್ತು. ಎರಡು ಗಾಲಿ ಎಳೆಯುವ ಗಾಡಿಗೆ ಹತ್ತರಿಂದ ಹದಿನೈದು, ನಾಲ್ಕು ಗಾಲಿಯದಕ್ಕೆ ಎಂಟರಿಂದ ಹನ್ನೆರಡು ಸರಿಯಾದ ಅಳತೆ. ಅದಕ್ಕಿಂತ ಜಾಸ್ತಿ ಜಾರಿದರೆ ಡೀಸೆಲ್ಲೂ ರಬ್ಬರೂ ಹೊಲದಲ್ಲೇ ಉಳಿಯುತ್ತವೆ. ಜಾರುವುದೇ ಇಲ್ಲ ಅಂತ ಹಿಗ್ಗುವ ಹಾಗೂ ಇಲ್ಲ. ಆಗ ತೂಕ ಅತಿಯಾಗಿದೆ, ಹೊಡೆತ ಗೇರ್‌ಬಾಕ್ಸಿಗೆ ಬೀಳುತ್ತದೆ.

ಲಿಫ್ಟ್ ವಿಷಯದಲ್ಲೂ ಇಂಥದ್ದೇ ಒಂದು ಮೋಸವಿದೆ. ಮೋಸ ಅನ್ನುವುದಕ್ಕಿಂತ ಅರ್ಧ ಸತ್ಯ ಅನ್ನಬಹುದು. 1,800 ಕಿಲೋ ಎತ್ತುತ್ತದೆ ಅಂತ ಬರೆದಿರುತ್ತಾರೆ. ಎಲ್ಲಿ ಎತ್ತುತ್ತದೆ? ಕೆಳಗಿನ ಎರಡು ತೋಳುಗಳ ತುದಿಯಲ್ಲೋ, ಅಲ್ಲಿಂದ 610 ಮಿಲಿಮೀಟರ್ ಹಿಂದೆಯೋ? ನಿಮ್ಮ ಉಪಕರಣದ ಭಾರ ಬೀಳುವುದು ತುದಿಯಲ್ಲಲ್ಲ, ಅದಕ್ಕಿಂತ ಹಿಂದೆ. ಆದ್ದರಿಂದ ಎರಡನೆಯ ಸಂಖ್ಯೆಯೇ ಮುಖ್ಯ.

ಮತ್ತೆ, ಲಿಫ್ಟ್ ಎತ್ತಿದ ಮಾತ್ರಕ್ಕೆ ಮುಂದಿನ ಗಾಲಿ ನೆಲದಲ್ಲೇ ಇರುತ್ತದೆ ಅಂತಿಲ್ಲ. 2,200 ಕಿಲೋದ ಗಾಡಿ, ಅದರಲ್ಲಿ ಮುಂದಿನ ಆಕ್ಸಲ್ ಮೇಲೆ 770 ಕಿಲೋ, ಎರಡು ಆಕ್ಸಲ್ ನಡುವೆ ಎರಡು ಮೀಟರ್ ಅಂತ ಇಟ್ಟುಕೊಳ್ಳಿ. ಹಿಂದಿನ ಆಕ್ಸಲ್‌ನಿಂದ 1.6 ಮೀಟರ್ ದೂರದಲ್ಲಿ 600 ಕಿಲೋ ಉಪಕರಣ ತೂಗಿದರೆ ಮುಂದಿನಿಂದ 480 ಕಿಲೋ ಕಿತ್ತುಕೊಳ್ಳುತ್ತದೆ. ಉಳಿಯುವುದು 290. ಗಾಡಿಯ ತೂಕದ ಐದನೇ ಒಂದು ಪಾಲಾದರೂ ಮುಂದೆ ಇರದಿದ್ದರೆ ಸ್ಟಿಯರಿಂಗ್ ಮಾತು ಕೇಳುವುದಿಲ್ಲ. ಇಲ್ಲಿ ಅದು 440. ಮುಂದಿನ ಆಕ್ಸಲ್‌ಗಿಂತ 70 ಸೆಂಟಿಮೀಟರ್ ಮುಂದೆ ತೂಕ ನೇತುಹಾಕಿದರೆ ಪ್ರತಿ ನೂರು ಕಿಲೋಗೆ 135 ಕಿಲೋದಷ್ಟು ಭಾರ ಮುಂದಿನ ಆಕ್ಸಲ್‌ಗೆ ವಾಪಸ್ ಬರುತ್ತದೆ. ಹಾಗಾಗಿ ಗಾಡಿ ಕೊಳ್ಳುವಾಗಲೇ ಮುಂದಿನ ತೂಕಗಳನ್ನೂ ಸೇರಿಸಿ ಮಾತಾಡಿ. ಆಮೇಲೆ ತರೋಣ ಅಂದವರು ತಂದದ್ದನ್ನು ನಾನು ನೋಡಿದ್ದು ಕಡಿಮೆ.

ಕೆಳಗೆ ಎರಡು, ಮೇಲೊಂದು ತೋಳಿನ ಈ ಮೂರು ಬಿಂದುವಿನ ಜೋಡಣೆಯನ್ನು ಪಳಗಿಸಿದವನು ಐರ್ಲೆಂಡಿನ ಹ್ಯಾರಿ ಫರ್ಗುಸನ್. 1939ರ ಫೋರ್ಡ್ 9ಎನ್ ಟ್ರ್ಯಾಕ್ಟರಿನ ಜೊತೆ ಅದು ದೊಡ್ಡ ಪ್ರಮಾಣದಲ್ಲಿ ಹೊಲಕ್ಕೆ ಬಂತು. ನೇಗಿಲಿನ ಭಾರ, ಮಣ್ಣಿನ ಎಳೆತ ಎರಡನ್ನೂ ಹಿಂದಿನ ಗಾಲಿಯ ಮೇಲೆ ತಂದು, ಹಗುರ ಗಾಡಿಯೂ ಉಳುವ ಹಾಗೆ ಮಾಡಿದ್ದೇ ಅದರ ಜಾಣತನ. ಡ್ರಾಫ್ಟ್ ಕಂಟ್ರೋಲ್ ಅನ್ನುವ ಲಿವರ್ ಇರುವುದು ಆ ಕೆಲಸಕ್ಕೇ. ಎಷ್ಟೋ ಜನ ಅದನ್ನು ಮುಟ್ಟುವುದೇ ಇಲ್ಲ. ಅಂದಹಾಗೆ, ಜೋಡಣೆಯ ಪಿನ್ನಿನ ಅಳತೆಯನ್ನೂ ನೋಡಿಕೊಳ್ಳಿ. ಕೆಳಗಿನ ಪಿನ್ನು ಮೊದಲ ವರ್ಗದ (ಕೆಟಗರಿ 1) ಜೋಡಣೆಯಲ್ಲಿ 22 ಮಿಲಿಮೀಟರ್, ಎರಡನೆಯದರಲ್ಲಿ 28. ಮಧ್ಯಮ ಗಾತ್ರದಲ್ಲಿ ಎರಡೂ ಬರುತ್ತವೆ.

ಎರಡು ಗಾಲಿಯೋ ನಾಲ್ಕು ಗಾಲಿಯೋ? ಸಮತಟ್ಟಾದ ಒಣ ನೆಲ, ಟ್ರೇಲರ್ ಕೆಲಸ ಜಾಸ್ತಿ ಅಂದರೆ ಎರಡೇ ಸಾಕು. ಕೆಸರು, ಇಳಿಜಾರು, ಮುಂದೆ ಬಕೆಟ್ಟಿನಲ್ಲಿ ಭಾರ ಎತ್ತುವ ಲೋಡರ್, ಈ ಮೂರರಲ್ಲಿ ಒಂದಿದ್ದರೂ ನಾಲ್ಕು ತಗೊಳ್ಳಿ. ಲೋಡರಿನ ವಿಷಯದಲ್ಲಿ ನಾನು ಹಟ ಮಾಡುತ್ತೇನೆ. ಬಕೆಟ್ ತುಂಬಿಕೊಂಡು ಇಳಿಜಾರು ಇಳಿಯುವಾಗ ಭಾರವೆಲ್ಲ ಮುಂದೆ ಬಂದು ಹಿಂದಿನ ಗಾಲಿ ಹಗುರಾಗುತ್ತದೆ. ಬ್ರೇಕ್ ಇರುವುದು ಸಾಮಾನ್ಯವಾಗಿ ಹಿಂದಿನ ಗಾಲಿಗಳಿಗೆ ಮಾತ್ರ. ಹಗುರಾದ ಗಾಲಿಗೆ ಬ್ರೇಕ್ ಒತ್ತಿ ಏನು ಪ್ರಯೋಜನ ಹೇಳಿ? ನಾಲ್ಕು ಗಾಲಿಯ ಡ್ರೈವ್ ಹಾಕಿದ್ದರೆ ಮುಂದಿನ ಗಾಲಿಗಳೂ ತಡೆಯುತ್ತವೆ. ಹಿಂದೆ ಒಂದು ಭಾರದ ಪೆಟ್ಟಿಗೆ ಕಟ್ಟಿ, ಬಕೆಟ್ಟನ್ನು ನೆಲಕ್ಕೆ ಹತ್ತಿರ ಇಟ್ಟುಕೊಂಡೇ ಓಡಾಡಬೇಕು. ಟಾರು ರಸ್ತೆಗೆ ಬಂದ ತಕ್ಷಣ ಆ ಡ್ರೈವ್ ಬಿಡಿಸುವುದನ್ನೂ ಮರೆಯಬೇಡಿ. ಮುಂದಿನ ಗಾಲಿ ಹಿಂದಿನದಕ್ಕಿಂತ ತುಸು ಜೋರಾಗಿ ತಿರುಗುವ ಹಾಗೆ ಜೋಡಿಸಿರುತ್ತಾರೆ. ಮಣ್ಣಿನಲ್ಲಿ ಅದು ಜಾರಿ ಸರಿಹೋಗುತ್ತದೆ, ಗಟ್ಟಿ ರಸ್ತೆಯಲ್ಲಿ ಗೇರುಗಳನ್ನೇ ಹಿಂಡುತ್ತದೆ.

ಗೇರು ಎಷ್ಟಿವೆ ಅಂತ ಎಣಿಸಬೇಡಿ. ಗಂಟೆಗೆ 4ರಿಂದ 12 ಕಿಲೋಮೀಟರ್ ನಡುವೆ ಎಷ್ಟಿವೆ ಅಂತ ಎಣಿಸಿ. ಹೊಲದ ಕೆಲಸ ಬಹುತೇಕ ನಡೆಯುವುದು ಅಷ್ಟರೊಳಗೇ. ಲೋಡರ್ ಹಾಕಿ ದಿನಕ್ಕೆ ನೂರಾರು ಸಲ ಹಿಂದೆ ಮುಂದೆ ಓಡಾಡುವವರಿಗೆ ಒಂದೇ ಎಳೆತಕ್ಕೆ ದಿಕ್ಕು ಬದಲಿಸುವ ಶಟಲ್ ಲಿವರ್ ಬೇಕೇ ಬೇಕು. ಗೇರಿನ ಬದಲು ಆಯಿಲ್ ಒತ್ತಡದಿಂದ ಓಡುವ ಹೈಡ್ರೋಸ್ಟ್ಯಾಟಿಕ್ ಗಾಡಿ ಓಡಿಸಲು ಸುಖ, ಆದರೆ ಶಕ್ತಿ ತಿನ್ನುತ್ತದೆ. ದಿನವಿಡೀ ಉಳುವವರಿಗೆ ಹೇಳಿದ್ದಲ್ಲ. ಹುಲ್ಲು ಕಂತೆ ಕಟ್ಟುವ ಬೇಲರ್, ರೋಟವೇಟರ್ ಇರುವವರು ಪಿಟಿಒಗೆ ಬೇರೆಯದೇ ಕ್ಲಚ್ ಇರುವ ಗಾಡಿ ನೋಡಲಿ. ಹುಲ್ಲು ಸಿಕ್ಕಿಕೊಂಡಾಗ ಗಾಡಿ ನಿಲ್ಲಬೇಕು, ಬೇಲರ್ ತಿರುಗುತ್ತಲೇ ಇರಬೇಕು. ಒಂದೇ ಕ್ಲಚ್ ಆದರೆ ಎರಡೂ ಒಟ್ಟಿಗೆ ನಿಲ್ಲುತ್ತವೆ.

ಹಳೆಯ ಗಾಡಿ ಕೊಳ್ಳುವವರಿಗೆ ಒಂದು ಮಾತು. ನಾನು ನೋಡಲು ಹೋಗುವಾಗ, ನಾನು ಬರುವ ತನಕ ಸ್ಟಾರ್ಟ್ ಮಾಡಬೇಡಿ ಅಂತ ಹೇಳಿಯೇ ಹೋಗುತ್ತೇನೆ. ಹೋದ ತಕ್ಷಣ ಎಂಜಿನ್ ಮುಟ್ಟಿ ನೋಡುತ್ತೇನೆ. ಬಿಸಿ ಇದ್ದರೆ, ತಣ್ಣಗಿರುವಾಗ ಅದು ಸುಮ್ನೆ ಸ್ಟಾರ್ಟ್ ಆಗುವುದಿಲ್ಲ ಅಂತ ಅನುಮಾನ. ಆಮೇಲೆ ಕ್ಲಚ್ ಪೆಡಲ್ ಎಷ್ಟು ಸವೆದಿದೆ, ಹಿಂದಿನ ತೋಳುಗಳ ಗುಂಡು ಎಷ್ಟು ಅಲ್ಲಾಡುತ್ತದೆ, ಹೈಡ್ರಾಲಿಕ್ ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದೆಯೇ ಅಂತ ನೋಡುತ್ತೇನೆ. ಗಂಟೆ ಮೀಟರ್ ನೋಡುವುದು ಎಲ್ಲಕ್ಕಿಂತ ಕೊನೆಗೆ.

ಹೊಸದಾಗಲಿ ಹಳೆಯದಾಗಲಿ, ಪಿಟಿಒ ಶಾಫ್ಟಿಗೆ ಕವರ್ ಇಲ್ಲದಿದ್ದರೆ, ಸೀಟಿನ ಹಿಂದೆ ರೋಲ್ ಬಾರ್ ಇಲ್ಲದಿದ್ದರೆ ಹಾಕಿಸಿದ ಮೇಲೆಯೇ ಹೊಲಕ್ಕೆ ಇಳಿಸಿ. ಪಿಟಿಒ ತಿರುಗುವ 540 ಆರ್‌ಪಿಎಂ ಅಂದರೆ ಸೆಕೆಂಡಿಗೆ ಒಂಬತ್ತು ಸುತ್ತು. ಅಂಗಿಯ ಚುಂಗು ಸಿಕ್ಕಿದರೆ ಕೈ ಹಿಂದಕ್ಕೆಳೆಯಲು ಸಮಯವಿಲ್ಲ. ಸ್ವೀಡನ್ 1959ರಲ್ಲೇ ಹೊಸ ಟ್ರ್ಯಾಕ್ಟರುಗಳಿಗೆ ಮಗುಚಿದರೂ ಚಾಲಕನನ್ನು ಕಾಯುವ ಚೌಕಟ್ಟು ಕಡ್ಡಾಯ ಮಾಡಿತು. ರೋಲ್ ಬಾರ್ ಇದ್ದರೆ ಬೆಲ್ಟೂ ಕಟ್ಟಬೇಕು. ಇಲ್ಲದಿದ್ದರೆ ಗಾಡಿ ಮಗುಚಿದಾಗ ನೀವು ಬಾರ್‌ನ ಆಚೆ ಬಿದ್ದಿರುತ್ತೀರಿ.

ಕೊಳ್ಳುವ ಮೊದಲು ನಿಮ್ಮ ನೆಲಕ್ಕೇ ಗಾಡಿ ತರಿಸಿ, ನಿಮ್ಮ ಉಪಕರಣವನ್ನೇ ಕಟ್ಟಿ, ಎರಡು ಗಂಟೆ ಓಡಿಸಿ. ಅಂಗಡಿಯ ಅಂಗಳದಲ್ಲಿ ಎಲ್ಲ ಗಾಡಿಯೂ ಚೆನ್ನಾಗೇ ಓಡುತ್ತದೆ, ಅಲ್ವಾ. ಒಂದು ಟೇಪೂ ಇಟ್ಟುಕೊಳ್ಳಿ. ಗೇಟು, ಮರದ ಸಾಲು, ಶೆಡ್ಡಿನ ಬಾಗಿಲು ಅಳೆಯಿರಿ. ನನ್ನ ಸಲಹೆ ಕೇಳಿಯೇ ಗಾಡಿ ತಂದ ಒಬ್ಬರ ಮನೆಗೆ ಆರು ತಿಂಗಳು ಬಿಟ್ಟು ಹೋಗಿದ್ದೆ. ಗಾಡಿ, ಉಪಕರಣ, ತೂಕ ಎಲ್ಲ ಸರಿಯಾಗಿತ್ತು. ರೋಲ್ ಬಾರ್ ಮಾತ್ರ ಮಡಚಿತ್ತು, ಕೀಲಿಗೆ ತುಕ್ಕು ಹಿಡಿದಿತ್ತು. ಶೆಡ್ಡಿನ ಬಾಗಿಲು ಗಿಡ್ಡ, ದಿನಾ ಎತ್ತಿ ಇಳಿಸುವುದು ಯಾರು ಅಂದರು. ಅಳೆಯಿರಿ ಅಂತ ನಾನೂ ಅವರಿಗೆ ಹೇಳಿರಲಿಲ್ಲ. ಬಾಗಿಲನ್ನು ಒಂದು ಅಡಿ ಎತ್ತರಿಸಿ ಅಂದೆ. ಎರಡು ವಾರ ಬಿಟ್ಟು ಫೋನ್ ಮಾಡಿದೆ. ಮೇಸ್ತ್ರಿ ಬಂದಿದ್ದಾರೆ ಅಂದರು.