ವಿಮಾನಕ್ಕೂ ಝಳ ತಟ್ಟುತ್ತದೆ

ಮಳೆ, ಮಂಜು, ಗುಡುಗು ಅಂದರೆ ವಿಮಾನಕ್ಕೆ ತೊಂದರೆ ಅಂತ ಎಲ್ಲರಿಗೂ ಗೊತ್ತು. ಮೇ ತಿಂಗಳ ರಣಬಿಸಿಲೂ ಒಂದು ತೊಂದರೆ ಅಂದರೆ ಮಾತ್ರ ಜನ ನಗುತ್ತಾರೆ. ನನ್ನ ಕೆಲಸ ಫ್ಲೈಟ್ ಡಿಸ್ಪ್ಯಾಚ್. ಈ ವಿಮಾನ ಇಷ್ಟು ತೂಕ ಹೊತ್ತು, ಇಷ್ಟು ಇಂಧನ ತುಂಬಿಸಿಕೊಂಡು ಹೊರಡಬಹುದು ಅಂತ ಲೆಕ್ಕ ಹಾಕಿ ಕೊಡುವುದು. ಆ ಲೆಕ್ಕದಲ್ಲಿ ನಾವು ಮೊದಲು ನೋಡುವ ಅಂಕಿಗಳಲ್ಲಿ ಹೊರಗಿನ ಉಷ್ಣಾಂಶವೂ ಒಂದು.

ಗದಗದಲ್ಲಿರುವ ನಮ್ಮ ಕಾಕಾ ಲಡಾಖಿನ ಲೇಹ್ ನೋಡಲು ಹೋಗಿದ್ದರು. ವಾಪಸ್ ಬರುವಾಗ ಅವರು ಬಂದರು, ಚೀಲ ಮರುದಿನ ಬಂತು. ನನಗೆ ಫೋನ್. "ಏನಪಾ, ಹಿಂದ ನಾಕ್ ಸೀಟು ಖಾಲಿ ಇದ್ವು. ನನ್ನ ಚೀಲ ಒಂದ ಭಾರ ಆತೇನು ಅವರಿಗೆ?" ಸಿಟ್ಟು ನ್ಯಾಯವಾದದ್ದೇ. ವಿಮಾನದೊಳಗೆ ಜಾಗ ಇದೆಯೋ ಇಲ್ಲವೋ ಅನ್ನುವುದು ಒಂದು ಲೆಕ್ಕ. ಅದು ಮೇಲೆ ಏಳುತ್ತದೋ ಇಲ್ಲವೋ ಅನ್ನುವುದು ಬೇರೆಯೇ ಲೆಕ್ಕ. ಸೀಟು ಖಾಲಿ ಬಿಟ್ಟೇ ಹೊರಡಬೇಕಾದ ದಿನಗಳೂ ಇರುತ್ತವೆ.

ರೆಕ್ಕೆಯನ್ನು ಎತ್ತುವುದು ಗಾಳಿ. ಗಾಳಿ ಬಿಸಿಯಾದರೆ ಹಿಗ್ಗಿ ತೆಳ್ಳಗಾಗುತ್ತದೆ. ತೆಳ್ಳಗಾದ ಗಾಳಿಯಲ್ಲಿ ರೆಕ್ಕೆಗೆ ಅಷ್ಟೇ ಆಸರೆ ಸಿಗಬೇಕಾದರೆ ವಿಮಾನ ಇನ್ನೂ ಜೋರಾಗಿ ಓಡಬೇಕು. ಎಂಜಿನ್ನಿಗೂ ಬೇಕಾದಷ್ಟು ಗಾಳಿ ಸಿಗದೆ ಅದರ ದಮ್ಮು ಕಡಿಮೆ. ಅಂದರೆ ಜಾಸ್ತಿ ವೇಗ ಬೇಕು, ಆದರೆ ಶಕ್ತಿ ಕಡಿಮೆ. ಹೀಗಾಗಿ ರನ್‌ವೇ ಜಾಸ್ತಿ ಉದ್ದ ಬೇಕಾಗುತ್ತದೆ.

ಹುಬ್ಬಳ್ಳಿ ನಿಲ್ದಾಣವನ್ನೇ ತಗೊಳ್ಳಿ. ಸಮುದ್ರ ಮಟ್ಟದಿಂದ ಸುಮಾರು 660 ಮೀಟರ್ ಎತ್ತರದಲ್ಲಿದೆ. ಬೇಸಿಗೆ ಮಧ್ಯಾಹ್ನ 38 ಡಿಗ್ರಿ ಅಂದುಕೊಳ್ಳಿ. ಆಗ ಇಲ್ಲಿನ ಗಾಳಿ ಎಷ್ಟು ತೆಳ್ಳಗಿರುತ್ತದೆ ಅಂದರೆ, ವಿಮಾನದ ಪಾಲಿಗೆ ಹುಬ್ಬಳ್ಳಿ 1,600 ಮೀಟರ್ ದಾಟಿದ ಬೆಟ್ಟ. ಮಡಿಕೇರಿಗಿಂತ ಎತ್ತರ! ಇದಕ್ಕೆ ನಾವು ಡೆನ್ಸಿಟಿ ಆಲ್ಟಿಟ್ಯೂಡ್ ಅನ್ನುತ್ತೇವೆ. ಜನವರಿಯ ಮುಂಜಾನೆ 15 ಡಿಗ್ರಿ ಇದ್ದರೆ ಅದೇ ಹುಬ್ಬಳ್ಳಿ 800 ಮೀಟರ್ ಆಸುಪಾಸಿಗೆ ಇಳಿಯುತ್ತದೆ. ನಮ್ಮ ರನ್‌ವೇ ಸುಮಾರು 2,600 ಮೀಟರ್ ಉದ್ದ ಇರುವುದರಿಂದ ಬೆಂಗಳೂರಿಗೆ ಹೋಗುವ ಎಟಿಆರ್ ಎಂಬ ಸಣ್ಣ ವಿಮಾನಕ್ಕೆ ಇದೇನೂ ದೊಡ್ಡ ತೊಂದರೆಯಲ್ಲ. ಲೇಹ್ ಇರುವುದು 3,200 ಮೀಟರಿಗೂ ಮೇಲೆ. ಅಲ್ಲಿ ಹೊತ್ತು ಏರಿದಂತೆ ಪ್ರತಿ ಡಿಗ್ರಿಗೂ ಬೆಲೆ ತೆರಬೇಕು. ಮಧ್ಯಾಹ್ನ ಗಾಳಿಯ ಕಾಟ ಬೇರೆ. ಅದಕ್ಕೇ ಅಲ್ಲಿನ ವಿಮಾನಗಳು ಹೆಚ್ಚಾಗಿ ಬೆಳಗ್ಗೆಯೇ ಹಾರುತ್ತವೆ. ಕಾಕಾನ ಚೀಲ ಉಳಿದದ್ದೂ ಈ ಲೆಕ್ಕದಲ್ಲೇ.

ಇನ್ನೊಂದು ಮಾತು ಹೇಳಿದರೆ ಯಾರೂ ಬೇಗ ಒಪ್ಪುವುದಿಲ್ಲ. ಒಣ ಗಾಳಿಗಿಂತ ತೇವದ ಗಾಳಿ ಹಗುರ. ನೀರಾವಿಯ ಅಣು ಗಾಳಿಯಲ್ಲಿರುವ ನೈಟ್ರೋಜನ್, ಆಕ್ಸಿಜನ್ ಅಣುಗಳಿಗಿಂತ ಹಗುರ, ಅದಕ್ಕೆ.

ಈಗ ನನಗೆ ತುಂಬಾ ಇಷ್ಟವಾದ ವಿಷಯ. ಅದೇ ಜನವರಿಯ ಚಳಿಯಲ್ಲಿ, ಉದ್ದ ರನ್‌ವೇಯಲ್ಲಿ, ಅರ್ಧ ಖಾಲಿ ಇರುವ ಏರ್‌ಬಸ್ ಎ320 ಹೊರಡುತ್ತಿದೆ ಅನ್ನಿ. ಹೊರಗೆ 15 ಡಿಗ್ರಿ. ಪೈಲಟ್ ಮಾತ್ರ ಕಂಪ್ಯೂಟರಿನಲ್ಲಿ 55 ಅಂತ ಒತ್ತುತ್ತಾರೆ. ಬೇಕಂತಲೇ ಹೇಳುವ ಸುಳ್ಳು! 55 ಡಿಗ್ರಿ ಬಿಸಿಲಿದ್ದರೆ ಎಂಜಿನ್ ಎಷ್ಟು ನೂಕುಬಲ ಕೊಡುತ್ತಿತ್ತೋ ಅಷ್ಟನ್ನೇ ಕೊಡುತ್ತದೆ, ಅದಕ್ಕಿಂತ ಜಾಸ್ತಿ ದುಡಿಯುವುದಿಲ್ಲ. ಇದಕ್ಕೆ ಫ್ಲೆಕ್ಸ್ ಟೇಕಾಫ್ ಅಂತ ಹೆಸರು. ಸುಮ್ನೆ ಒತ್ತುವ ಅಂಕಿಯಲ್ಲ ಅದು. ರನ್‌ವೇ ಉದ್ದ, ತೂಕ, ಗಾಳಿ ಎಲ್ಲ ನೋಡಿ, ಓಟದ ನಡುವೆ ಒಂದು ಎಂಜಿನ್ ಕೈಕೊಟ್ಟರೂ ಸುರಕ್ಷಿತ ಅಂತ ಖಾತ್ರಿಯಾದ ಮೇಲೆ ಬರುವ ಅಂಕಿ. ತುರ್ತು ಬಂದರೆ ಲಿವರ್ ಮುಂದೆ ತಳ್ಳಿದರಾಯ್ತು, ಪೂರ್ತಿ ಶಕ್ತಿ ಸಿಗುತ್ತದೆ.

ಸುಳ್ಳು ಹೇಳುವುದು ಎಂಜಿನ್ನಿನ ಆಯುಷ್ಯಕ್ಕಾಗಿ. ಎಂಜಿನ್ನಿನಲ್ಲಿ ಬಿಸಿ ಅನಿಲಕ್ಕೆ ತಿರುಗುವ ಚಕ್ರವೇ ಟರ್ಬೈನ್. ಅದರೊಳಗಿನ ಅನಿಲ, ಅಲ್ಲಿನ ಬ್ಲೇಡ್ ಮಾಡಿದ ಲೋಹವೇ ಕರಗುವಷ್ಟು ಬಿಸಿ ಇರುತ್ತದೆ. ಆದರೂ ಬ್ಲೇಡ್ ಕರಗುವುದಿಲ್ಲ. ಅದರ ಹೊಟ್ಟೆಯೊಳಗೆ ಸಣ್ಣ ಸಣ್ಣ ದಾರಿಗಳಿವೆ, ಮೈಮೇಲೆ ಸೂಜಿಮೊನೆಯಂಥ ತೂತುಗಳಿವೆ. ಅವುಗಳಿಂದ ಹೊರಬರುವ ಗಾಳಿ ಬ್ಲೇಡಿನ ಮೇಲೆ ತೆಳು ಹೊದಿಕೆಯಾಗಿ ನಿಲ್ಲುತ್ತದೆ. ತಮಾಷೆ ಅಂದರೆ, ಈ "ತಂಪು" ಗಾಳಿಯೇ ನೂರಾರು ಡಿಗ್ರಿ ಬಿಸಿ. ಎಂಜಿನ್ ಕಡಿಮೆ ದುಡಿದು ಕೆಲವೇ ಡಿಗ್ರಿ ಉಳಿಸಿದರೂ ಬ್ಲೇಡ್ ಬಾಳಿಕೆ ಬರುತ್ತದೆ.

ಇಂಧನಕ್ಕೂ ಬಿಸಿಲಿನ ನಂಟಿದೆ. ಪೆಟ್ರೋಲ್ ಬಂಕಿನಲ್ಲಿ ನಾವು ಲೀಟರ್ ಕೇಳುತ್ತೇವೆ. ನಾನು ಕೆಲಸದಲ್ಲಿ ಬರೆಯುವುದು ಕಿಲೋ. ಬಿಸಿಗೆ ಇಂಧನ ಹಿಗ್ಗುತ್ತದೆ, ಲೀಟರ್ ಬದಲಾಗುತ್ತದೆ, ತೂಕ ಬದಲಾಗುವುದಿಲ್ಲ. ಈ ಲೆಕ್ಕ ತಪ್ಪಿದರೆ ಏನಾಗುತ್ತದೆ ಅನ್ನುವುದಕ್ಕೆ 1983ರ ಕೆನಡಾ ಘಟನೆಯೇ ಸಾಕು. ಲೀಟರಿನಿಂದ ತೂಕಕ್ಕೆ ಬರುವಾಗ ಕಿಲೋ ಬದಲು ಪೌಂಡಿನ ಅಂಕಿ ಬಳಸಿದರು. ಏರ್ ಕೆನಡಾದ ಬೋಯಿಂಗ್ 767 ಬೇಕಾದ್ದರ ಅರ್ಧಕ್ಕಿಂತ ಕಡಿಮೆ ಇಂಧನದಲ್ಲಿ ಹೊರಟಿತು. ದಾರಿಯಲ್ಲಿ ಎರಡೂ ಎಂಜಿನ್ ಬಂದ್. ಪೈಲಟ್‌ಗಳು ಅದನ್ನು ತೇಲಿಸಿಕೊಂಡೇ ಗಿಮ್ಲಿ ಎಂಬ ಊರಿನ ಹಳೆಯ ವಾಯುನೆಲೆಯಲ್ಲಿ ಇಳಿಸಿದರು. ಎಲ್ಲರೂ ಬದುಕಿದರು. ನಮ್ಮ ವೃತ್ತಿಯಲ್ಲಿ ಈ ಪಾಠ ಕೇಳದವರಿಲ್ಲ.

ಗಾಳಿಯೇ ಇಲ್ಲದ ಬಾಹ್ಯಾಕಾಶದಲ್ಲಿ ಇನ್ನೊಂದು ಫಜೀತಿ. ಅಲ್ಲಿ ಬರೀ ಚಳಿ ಅಂತ ನಮ್ಮ ಎಣಿಕೆ ಅಲ್ವಾ? ಬಿಸಿಯನ್ನು ಕೊಂಡೊಯ್ಯಲು ಗಾಳಿ ಇಲ್ಲದ್ದರಿಂದ ಉಪಗ್ರಹ ಥರ್ಮಾಸಿನೊಳಗಿನ ಚಹಾದಂತೆ ಬಿಸಿ ಹಿಡಿದಿಟ್ಟುಕೊಳ್ಳುತ್ತದೆ. ತನ್ನದೇ ಯಂತ್ರಗಳ ಕಾವನ್ನು ಹೊರಹಾಕಲು ಅದಕ್ಕೆ ರೇಡಿಯೇಟರ್ ಫಲಕ ಬೇಕು. ಬಿಸಿಲು ಬೀಳುವ ಮಗ್ಗಲು ಕಾದಿರುತ್ತದೆ, ನೆರಳಿನ ಮಗ್ಗಲು ಹೆಪ್ಪುಗಟ್ಟಿರುತ್ತದೆ.

ಚಂದ್ರಯಾನ-3ರ ವಿಕ್ರಮ್ 2023ರ ಆಗಸ್ಟ್‌ನಲ್ಲಿ ಚಂದ್ರನ ಮೇಲೆ ಇಳಿದಾಗ ಚಾಸ್ಟೆ ಎಂಬ ಉಪಕರಣದ ಮೊನೆಯನ್ನು ಮಣ್ಣಿಗೆ ಚುಚ್ಚಿತು. ಮೇಲ್ಮೈಯಲ್ಲಿ 50 ಡಿಗ್ರಿಗೂ ಹೆಚ್ಚು ಕಾವು. ಬರೀ 8 ಸೆಂಟಿಮೀಟರ್ ಕೆಳಗೆ ಸುಮಾರು ಮೈನಸ್ 10! ಅಲ್ಲಿನ ಮಣ್ಣು ಸಡಿಲ ಪುಡಿ. ಕಣಗಳ ನಡುವೆ ಗಾಳಿಯೂ ಇಲ್ಲದ್ದರಿಂದ ಕಾವು ಕೆಳಗಿಳಿಯುವುದು ತೀರಾ ಕಡಿಮೆ. ಮುಂದೆ ಅಲ್ಲಿ ಮನೆ ಕಟ್ಟುವವರು ಮಣ್ಣನ್ನೇ ಹೊದಿಸಿಕೊಳ್ಳುವ ಯೋಚನೆ ಮಾಡುತ್ತಿರುವುದಕ್ಕೆ ಇದೂ ಒಂದು ಕಾರಣ.